ಫೋಲ್ಡರ್‌ಗಳ ನಡುವೆ ಫೋಟೋ ಹುಡುಕುವುದು: ಡಿಜಿಕ್ಯಾಮ್ ಕಲಿಯುವಾಗ ಬರೆದಿಟ್ಟ ಟಿಪ್ಪಣಿ

ಅಜ್ಜಿಯ ವರ್ಷಾಂತಿಕಕ್ಕೆ ಕಟ್ಟು ಹಾಕಿಸಲು ಒಂದು ಫೋಟೋ ಬೇಕಾಗಿತ್ತು. "ನಿನ್ನ ಕಂಪ್ಯೂಟರಿನಲ್ಲಿ ಅಜ್ಜಿದ್ದು ಒಳ್ಳೆ ಫೋಟೋ ಒಂದು ಉಂಟಾ?" ಎಂದು ಅಮ್ಮ ಕೇಳಿದಾಗ, ಉಂಟು ಎಂದು ಕೂಡಲೇ ಹೇಳಿದೆ. ಆದರೆ ಅದನ್ನು ಹುಡುಕಿ ತೆಗೆಯಲು ಎರಡು ರಾತ್ರಿ ಹಿಡಿಯಿತು. ಮೂರು ಹಾರ್ಡ್ ಡಿಸ್ಕ್‌ಗಳಲ್ಲಿ ಹರಡಿಕೊಂಡಿದ್ದ ಸುಮಾರು 40 ಸಾವಿರ ಫೋಟೋಗಳಲ್ಲಿ ಅಜ್ಜಿ ಎಲ್ಲೆಲ್ಲೋ ಇದ್ದರು. ಮದುವೆಯ ಫೋಲ್ಡರಿನಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು, ಮಲ್ಪೆಯ ಸಮುದ್ರ ತೀರದಲ್ಲಿ ಕೊಡೆ ಹಿಡಿದು ನಿಂತಿದ್ದರು, 'ಹೊಸದು 2' ಎಂಬ ಫೋಲ್ಡರಿನಲ್ಲಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಫೋಟೋಗಳನ್ನು ಕಳೆದುಕೊಂಡಿರಲಿಲ್ಲ, ಆದರೆ ಬೇಕಾದಾಗ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರಲೂ ಇಲ್ಲ. ಆ ಎರಡು ರಾತ್ರಿಗಳ ನಂತರ ಡಿಜಿಕ್ಯಾಮ್ ಎಂಬ ತಂತ್ರಾಂಶವನ್ನು ಕಲಿಯಲು ಕುಳಿತೆ. ಇದು ಕೆಡಿಇ ಸಮುದಾಯದವರು ಬೆಳೆಸುತ್ತಿರುವ ಉಚಿತ ತಂತ್ರಾಂಶವಾಗಿದ್ದು, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ಕಲಿತದ್ದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಸ್ಥಾಪಿಸುವುದು, ತೆರೆಯುವುದು ಮುಂತಾದವು ಕಷ್ಟವಲ್ಲದ ಕಾರಣ ಅವುಗಳನ್ನು ಇಲ್ಲಿ ಬರೆದಿಲ್ಲ.

ಫೋಲ್ಡರ್ ಎಲ್ಲಿಯವರೆಗೆ ಸಾಕು?

ಫೋಲ್ಡರಿನ ಮುಖ್ಯ ಮಿತಿ ಎಂದರೆ, ಒಂದು ಫೈಲು ಒಂದು ಸಮಯಕ್ಕೆ ಒಂದೇ ಫೋಲ್ಡರಿನಲ್ಲಿ ಇರಬಲ್ಲದು. ನನ್ನ ಬಳಿ ಯಕ್ಷಗಾನದ ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ತೆಗೆದ ಒಂದು ಫೋಟೋ ಇದೆ. ಬಣ್ಣದ ವೇಷದ ಕಲಾವಿದರೊಬ್ಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ಅಕ್ಕಿಹಿಟ್ಟಿನ ಚುಟ್ಟಿಯನ್ನು ಕೆನ್ನೆಯ ಅಂಚಿಗೆ ಒಂದೊಂದೇ ಮುಳ್ಳಾಗಿ ಇಡುತ್ತಿದ್ದಾರೆ. ಕೆನ್ನೆಯ ಅರ್ಧ ಭಾಗ ಮುಗಿದಿದೆ, ಇನ್ನರ್ಧ ಬರೀ ಕೆಂಪು. ಈ ಫೋಟೋವನ್ನು ಯಾವ ಫೋಲ್ಡರಿಗೆ ಹಾಕಬೇಕು? ಆ ಮೇಳದ (ಯಕ್ಷಗಾನ ತಂಡದ) ಹೆಸರಿನ ಫೋಲ್ಡರಿಗೋ, ಆಟ (ಪ್ರದರ್ಶನ) ನಡೆದ ಊರಿನ ಫೋಲ್ಡರಿಗೋ, ಆ ಕಲಾವಿದರ ಹೆಸರಿಗೋ, 'ಚೌಕಿ' ಎಂಬ ವಿಷಯಕ್ಕೋ? ನಾನು ಹಿಂದೆ ನಾಲ್ಕಕ್ಕೂ ಒಂದೊಂದು ಪ್ರತಿ ಹಾಕಿದ್ದೆ. ಅದರಿಂದ ಡಿಸ್ಕ್ ತುಂಬಿತು. ಅಷ್ಟೇ ಅಲ್ಲ, ಒಂದು ಪ್ರತಿಯನ್ನು ತಿದ್ದಿದಾಗ ಉಳಿದ ಮೂರು ಹಳೆಯದಾಗಿಯೇ ಉಳಿದವು.

ಹಾಗಾದರೆ ದಿನಾಂಕದ ಪ್ರಕಾರ ಇಟ್ಟರೆ ಸಾಕು ಎಂದು ಹಲವರು ಹೇಳುತ್ತಾರೆ. ನಮ್ಮ ಊರಿನ ಕಾರ್ಯಕ್ರಮಗಳಿಗೆ ಅದು ನೇರವಾಗಿ ಹೊಂದುವುದಿಲ್ಲ. 2024ರ ಉಡುಪಿ ಪರ್ಯಾಯದಲ್ಲಿ (ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವದಲ್ಲಿ) ಜನವರಿ 17ರ ಸಂಜೆಯಿಂದ ಫೋಟೋ ತೆಗೆಯಲು ಆರಂಭಿಸಿದ್ದೆ. ಜೋಡುಕಟ್ಟೆಯ ಮೆರವಣಿಗೆಯ ಹೊತ್ತಿಗೆ ತಾರೀಕು 18 ಆಗಿತ್ತು, ಬೆಳಿಗ್ಗೆ ದರ್ಬಾರಿನವರೆಗೂ ತೆಗೆಯುತ್ತಲೇ ಇದ್ದೆ. ದಿನಕ್ಕೊಂದು ಫೋಲ್ಡರ್ ಮಾಡುವ ಸ್ವಯಂಚಾಲಿತ ಕ್ರಮ ಒಂದೇ ರಾತ್ರಿಯ ಕೆಲಸವನ್ನು ಎರಡು ತುಂಡು ಮಾಡಿತು. ರಾತ್ರಿಯಿಡೀ ನಡೆಯುವ ಆಟಗಳಿಗೂ ಇದೇ ಗತಿ. ವರ್ಷದ ಪ್ರಕಾರ ಇಟ್ಟರೂ ತೊಂದರೆ ತಪ್ಪುವುದಿಲ್ಲ. ದೀಪಾವಳಿಯ ಆಚೆಗೆ ಹೊರಟ ಮೇಳ ಮೇ ತಿಂಗಳಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತದೆ, ಅಂದರೆ ಒಂದು ತಿರುಗಾಟ ಎರಡು ಕ್ಯಾಲೆಂಡರ್ ವರ್ಷಗಳ ಮೇಲೆ ಹರಡಿರುತ್ತದೆ.

ಆದ್ದರಿಂದ ನಾನು ಈಗ ಅನುಸರಿಸುತ್ತಿರುವ ಕ್ರಮ ಇಷ್ಟೇ: ವರ್ಷದ ಹೆಸರಿನ ದೊಡ್ಡ ಫೋಲ್ಡರ್, ಅದರೊಳಗೆ ಕಾರ್ಯಕ್ರಮ ಆರಂಭವಾದ ದಿನಾಂಕ ಮತ್ತು ಒಂದು ಚಿಕ್ಕ ಹೆಸರು, ಉದಾಹರಣೆಗೆ '2024-01-17 ಪರ್ಯಾಯ'. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿಯೇ ಬರೆಯಬೇಕು, ಆಗ ಹೆಸರಿನ ಪ್ರಕಾರ ಜೋಡಿಸಿದರೂ ಕಾಲಾನುಕ್ರಮವೇ ಬರುತ್ತದೆ. ಜನರು, ಊರು, ಮೇಳ, ತಿರುಗಾಟ ಇವೆಲ್ಲ ಫೋಟೋಗೆ ಅಂಟಿಸುವ ಹೆಸರಿನ ಚೀಟಿಗೆ, ಅಂದರೆ ಟ್ಯಾಗ್‌ಗೆ ಸೇರಿದವು. ಫೋಲ್ಡರಿಗೆ ಇದಕ್ಕಿಂತ ಹೆಚ್ಚಿನ ಹೊರೆ ಹೊರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲ ಫೋಲ್ಡರ್‌ಗಳನ್ನು ಒಟ್ಟಿಗೆ ನೋಡುವುದು

ಡಿಜಿಕ್ಯಾಮ್‌ನಲ್ಲಿ 'ಆಲ್ಬಮ್' ಎಂದರೆ ಡಿಸ್ಕಿನಲ್ಲಿ ಇರುವ ಫೋಲ್ಡರ್ ಅಷ್ಟೇ. ಅಲ್ಲಿ ಆಲ್ಬಮ್ ಅಳಿಸಿದರೆ ನಿಜವಾದ ಫೋಲ್ಡರೇ ಕಸದ ಬುಟ್ಟಿಗೆ ಹೋಗುತ್ತದೆ, ಆದ್ದರಿಂದ ಎಚ್ಚರಿಕೆ ಬೇಕು. ಸೆಟ್ಟಿಂಗ್ಸ್‌ನ 'ಕಲೆಕ್ಷನ್ಸ್' ಭಾಗದಲ್ಲಿ ಕಂಪ್ಯೂಟರಿನ ಒಳಗಿನ ಡಿಸ್ಕ್, ಕಳಚಿ ತೆಗೆಯುವ ಡಿಸ್ಕ್, ನೆಟ್‌ವರ್ಕ್ ಡಿಸ್ಕ್ ಎಂದು ಮೂರು ಬಗೆಯಲ್ಲಿ ಜಾಗ ಸೇರಿಸಬಹುದು. ಹೊರಗಿನ ಹಾರ್ಡ್ ಡಿಸ್ಕನ್ನು ಎರಡನೆಯ ಬಗೆಯಲ್ಲಿ ಸೇರಿಸಬೇಕು.

ಮೇಲಿನ ಫೋಲ್ಡರನ್ನು ಒತ್ತಿದಾಗ ಒಳಗಿನ ಫೋಲ್ಡರ್‌ಗಳ ಫೋಟೋಗಳೂ ಕಾಣಬೇಕಾದರೆ 'ವ್ಯೂ' ಮೆನುವಿನಲ್ಲಿ 'ಇನ್‌ಕ್ಲೂಡ್ ಆಲ್ಬಮ್ ಸಬ್-ಟ್ರೀ' ಎಂಬುದನ್ನು ಗುರುತು ಹಾಕಬೇಕು. ಹೀಗೆ ಮಾಡಿದ ಮೇಲೂ ಫೋಟೋಗಳು ಕಾಲಾನುಕ್ರಮದಲ್ಲಿ ಬಾರದೆ ಫೋಲ್ಡರ್ ಫೋಲ್ಡರಾಗಿ ಬೇರೆ ಬೇರೆ ಗುಂಪಿನಲ್ಲಿ ಕಾಣುತ್ತಿದ್ದರೆ, ತಂತ್ರಾಂಶ ತಪ್ಪು ಮಾಡುತ್ತಿದೆ ಎಂದುಕೊಳ್ಳಬಾರದು. ಅದೇ ಮೆನುವಿನಲ್ಲಿ 'ಸೆಪರೇಟ್ ಐಟಮ್ಸ್' ಎಂಬುದು 'ಬೈ ಆಲ್ಬಮ್' ಎಂದು ಇರುತ್ತದೆ. ಅದನ್ನು 'ಫ್ಲ್ಯಾಟ್ ಲಿಸ್ಟ್' ಎಂದು ಬದಲಿಸಿ, ಜೋಡಣೆಯನ್ನು ಫೋಟೋ ತೆಗೆದ ದಿನಾಂಕಕ್ಕೆ (ಮೆನುವಿನಲ್ಲಿ 'ಕ್ರಿಯೇಷನ್ ಡೇಟ್') ಹೊಂದಿಸಿದರೆ, ನನ್ನ ಕ್ಯಾಮೆರಾ, ಅಣ್ಣನ ಮೊಬೈಲು, ಅತ್ತಿಗೆಯ ಮೊಬೈಲು ಎಂದು ಮೂರು ಫೋಲ್ಡರಿನಲ್ಲಿ ಇರುವ ಒಂದೇ ಮದುವೆಯ ಫೋಟೋಗಳು ನಡೆದ ಕ್ರಮದಲ್ಲಿಯೇ ಒಂದರ ಹಿಂದೆ ಒಂದು ಬರುತ್ತವೆ. ಧಾರೆಯ ನೀರು ಬೀಳುವ ಆ ಒಂದು ಕ್ಷಣವನ್ನು ಮೂರು ಕಡೆಯಿಂದ ತೆಗೆದ ಫೋಟೋಗಳು ಪರದೆಯ ಮೇಲೆ ಅಕ್ಕಪಕ್ಕ ಬಂದಾಗ ನನಗೆ ಈ ತಂತ್ರಾಂಶದ ಬೆಲೆ ತಿಳಿಯಿತು.

ಟ್ಯಾಗ್ ಎಲ್ಲಿ ಉಳಿಯುತ್ತದೆ? (ನಾನು ಎಡವಿದ್ದು ಇಲ್ಲಿಯೇ)

ಈ ಭಾಗವನ್ನು ನಿಧಾನವಾಗಿ ಬರೆಯುತ್ತೇನೆ, ಏಕೆಂದರೆ ಇದನ್ನು ಅರ್ಥಮಾಡಿಕೊಳ್ಳದೆ ಹಿಂದೊಮ್ಮೆ ಕೆಲವು ತಿಂಗಳ ಕೆಲಸವನ್ನು ಕಳೆದುಕೊಂಡಿದ್ದೇನೆ. ಆಗ ಬೇರೊಂದು ತಂತ್ರಾಂಶ ಬಳಸುತ್ತಿದ್ದೆ. ಸಂಜೆ ಸಂಜೆ ಕುಳಿತು ಸಾವಿರಾರು ಫೋಟೋಗಳಿಗೆ ಹೆಸರು, ಊರು, ಪ್ರಸಂಗ ಎಲ್ಲವನ್ನೂ ಬರೆದಿದ್ದೆ. ಒಂದು ಮಳೆಗಾಲದಲ್ಲಿ ಕಂಪ್ಯೂಟರು ಕೆಟ್ಟು, ಅದನ್ನು ಹೊಸದಾಗಿ ಸಿದ್ಧಪಡಿಸಿದಾಗ ಫೋಟೋಗಳೆಲ್ಲ ಇದ್ದವು, ಟ್ಯಾಗ್ ಮಾತ್ರ ಒಂದೂ ಇರಲಿಲ್ಲ. ನಾನು ಬರೆದದ್ದು ಫೋಟೋದ ಮೇಲೆ ಎಂದು ತಿಳಿದಿದ್ದೆ. ನಿಜವಾಗಿ ಅದು ತಂತ್ರಾಂಶದ ದತ್ತಸಂಚಯದೊಳಗೆ (ಡೇಟಾಬೇಸ್) ಮಾತ್ರ ಇತ್ತು.

ಮನಸ್ಸಿನಲ್ಲಿ ಉಳಿಯಲು ಹೀಗೆ ನೆನಪಿಟ್ಟುಕೊಂಡಿದ್ದೇನೆ. ಹಿಂದಿನ ಕಾಲದ ಕಾಗದದ ಫೋಟೋದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಯುವುದು ಒಂದು ಕ್ರಮ. ಫೋಟೋಗೆ ಒಂದು ಸಂಖ್ಯೆ ಕೊಟ್ಟು, ಬೇರೆ ಪುಸ್ತಕದಲ್ಲಿ ಆ ಸಂಖ್ಯೆಯ ಎದುರು ಹೆಸರು ಬರೆಯುವುದು ಇನ್ನೊಂದು ಕ್ರಮ. ಪುಸ್ತಕದಲ್ಲಿ ಹುಡುಕುವುದು ಬೇಗ, ಆದರೆ ಪುಸ್ತಕ ಹೋದರೆ ಹೆಸರೂ ಹೋಯಿತು. ಡಿಜಿಕ್ಯಾಮ್ ಕೂಡ ಇಂಥ ಪುಸ್ತಕವೊಂದನ್ನು ಇಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಎಸ್‌ಕ್ಯೂಲೈಟ್ ಮಾದರಿಯ ದತ್ತಸಂಚಯ. ಅದರ ಜೊತೆಗೆ ಫೋಟೋದ ಹಿಂಬದಿಯಲ್ಲಿಯೂ ಬರೆಯುವಂತೆ ಮಾಡಬಹುದು. ಸೆಟ್ಟಿಂಗ್ಸ್‌ನ 'ಮೆಟಾಡೇಟಾ' (ಫೋಟೋದ ಬಗೆಗಿನ ವಿವರಗಳು) ಭಾಗದಲ್ಲಿ, ಫೈಲಿಗೆ ಏನೇನು ಬರೆಯಬೇಕು ಎಂಬ ಪಟ್ಟಿ ಇದೆ. ಟ್ಯಾಗ್, ಶೀರ್ಷಿಕೆ, ನಕ್ಷತ್ರ (ಫೋಟೋಗೆ ನಾವು ಕೊಡುವ ಅಂಕ), ದಿನಾಂಕ ಇವುಗಳ ಎದುರು ಗುರುತು ಇದೆಯೇ ಎಂದು ಕೆಲಸ ಆರಂಭಿಸುವ ಮೊದಲೇ ನೋಡಿಕೊಳ್ಳಬೇಕು.

ಫೈಲಿಗೆ ಬರೆದರೆ ಫೋಟೋದ ಗುಣಮಟ್ಟ ಕೆಡುವುದಿಲ್ಲವೇ ಎಂಬ ಭಯ ನನಗೂ ಇತ್ತು. ಜೆಪೆಗ್ ಫೈಲಿನಲ್ಲಿ ಚಿತ್ರದ ದತ್ತಾಂಶ ಬೇರೆ, ವಿವರಗಳು ಇರುವ ವಿಭಾಗಗಳು ಬೇರೆ. ಕ್ಯಾಮೆರಾ ಬರೆಯುವ ಎಕ್ಸಿಫ್ ಮತ್ತು ತಂತ್ರಾಂಶಗಳು ಬರೆಯುವ ಎಕ್ಸ್‌ಎಂಪಿ ವಿವರಗಳು 'ಎಪಿಪಿ1' ಎಂಬ ವಿಭಾಗದಲ್ಲಿ ಇರುತ್ತವೆ. ಟ್ಯಾಗ್ ಬರೆಯುವಾಗ ವಿವರಗಳ ವಿಭಾಗಗಳು ಮಾತ್ರ ಬದಲಾಗುತ್ತವೆ. ಚಿತ್ರವನ್ನು ಬಿಚ್ಚಿ ಮತ್ತೆ ಕುಗ್ಗಿಸುವ ಕೆಲಸ ಅಲ್ಲಿ ನಡೆಯುವುದೇ ಇಲ್ಲ, ಆದ್ದರಿಂದ ಒಂದು ಚುಕ್ಕೆಯೂ ಕೆಡುವುದಿಲ್ಲ. ಕ್ಯಾಮೆರಾದ ರಾ ಫೈಲುಗಳ (ಜೆಪೆಗ್ ಆಗಿ ಕುಗ್ಗಿಸದ ಮೂಲ ಫೈಲುಗಳ) ಮಾತು ಬೇರೆ. ಅವುಗಳ ಒಳಗೆ ಬರೆಯುವುದಕ್ಕಿಂತ, ಪಕ್ಕದಲ್ಲಿ ಅದೇ ಹೆಸರಿನ ಒಂದು ಎಕ್ಸ್‌ಎಂಪಿ ಫೈಲು ಇಡುವುದು ಒಳ್ಳೆಯದು. ಆಮೇಲೆ ಇಂಥ ಜೋಡಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸವನ್ನು ಡಿಜಿಕ್ಯಾಮ್‌ನ ಒಳಗಿನಿಂದಲೇ ಮಾಡಬೇಕು, ಆಗ ಎರಡೂ ಒಟ್ಟಿಗೆ ಹೋಗುತ್ತವೆ. ವಿಂಡೋಸ್ ಎಕ್ಸ್‌ಪ್ಲೋರರಿನಲ್ಲಿ ಫೋಟೋ ಮಾತ್ರ ಎಳೆದು ಹಾಕಿದರೆ ಪಕ್ಕದ ಫೈಲು ಅನಾಥವಾಗಿ ಅಲ್ಲಿಯೇ ಉಳಿಯುತ್ತದೆ.

ಇನ್ನು ನಾನು ಎಡವಿದ ಎರಡನೆಯ ಹಂತ. ಮೊದಲ ಕೆಲವು ದಿನ ಆ ಮೆಟಾಡೇಟಾ ಪಟ್ಟಿಯಲ್ಲಿ ಗುರುತು ಹಾಕದೆಯೇ ಟ್ಯಾಗ್ ಮಾಡಿದ್ದೆ. ಹಾಗೆ ಪುಸ್ತಕದಲ್ಲಿ ಮಾತ್ರ ಉಳಿದದ್ದನ್ನು ಫೈಲಿಗೆ ಇಳಿಸಲು 'ಟೂಲ್ಸ್' ಮೆನುವಿನ 'ಮೇಂಟೆನೆನ್ಸ್' ಕಿಟಕಿಯಲ್ಲಿ ಮೆಟಾಡೇಟಾ ಮತ್ತು ದತ್ತಸಂಚಯವನ್ನು ಸರಿಹೊಂದಿಸುವ ಸೌಲಭ್ಯ ಇದೆ. ಅದಕ್ಕೆ ಎರಡು ದಿಕ್ಕುಗಳಿವೆ: ದತ್ತಸಂಚಯದಿಂದ ಫೈಲಿಗೆ, ಮತ್ತು ಫೈಲಿನಿಂದ ದತ್ತಸಂಚಯಕ್ಕೆ. ನಾನು ಎರಡನೆಯದನ್ನು ಆರಿಸಿದ್ದೆ. ಪ್ರಗತಿಯ ಪಟ್ಟಿ ತುಂಬಿತು, ಕೆಲಸ ಮುಗಿಯಿತು ಎಂದು ತೋರಿಸಿತು, ನಾನೂ ನಂಬಿದೆ. ಆದರೆ ಆ ದಿಕ್ಕಿನಲ್ಲಿ ತಂತ್ರಾಂಶವು ಫೈಲನ್ನು ಓದುತ್ತದೆಯೇ ಹೊರತು ಫೈಲಿಗೆ ಏನನ್ನೂ ಬರೆಯುವುದಿಲ್ಲ. ಕಿಟಕಿಯಲ್ಲಿ ಇರುವ ಸಾಲನ್ನು ಓದುವಾಗ ಈಗ ನಾನು ನನಗೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಹೊಸ ಮಾಹಿತಿ ಈಗ ಯಾರ ಬಳಿ ಇದೆ? ನಾನು ಡಿಜಿಕ್ಯಾಮ್‌ನಲ್ಲಿ ಕುಳಿತು ಬರೆದಿದ್ದರೆ ಹೊಸದು ದತ್ತಸಂಚಯದ ಬಳಿ ಇದೆ, ಆದ್ದರಿಂದ ದತ್ತಸಂಚಯದಿಂದ ಫೈಲಿಗೆ. ಅಣ್ಣನು ತನ್ನ ಕಂಪ್ಯೂಟರಿನಲ್ಲಿ ಟ್ಯಾಗ್ ಹಾಕಿ ಪೆನ್ ಡ್ರೈವಿನಲ್ಲಿ ಕೊಟ್ಟು, ಅದನ್ನು ನನ್ನ ಹಳೆಯ ಫೈಲಿನ ಜಾಗಕ್ಕೆ ಹಾಕಿದ್ದರೆ ಹೊಸದು ಫೈಲಿನ ಬಳಿ ಇದೆ, ಆದ್ದರಿಂದ ಫೈಲಿನಿಂದ ದತ್ತಸಂಚಯಕ್ಕೆ.

ಬರೆದದ್ದು ನಿಜವಾಗಿ ಫೈಲಿನಲ್ಲಿ ಇದೆಯೇ ಎಂದು ತಿಳಿಯಲು ಡಿಜಿಕ್ಯಾಮ್‌ನ ಟ್ಯಾಗ್ ಪಟ್ಟಿಯನ್ನು ನೋಡಿದರೆ ಪ್ರಯೋಜನವಿಲ್ಲ, ಏಕೆಂದರೆ ಅದನ್ನು ತಂತ್ರಾಂಶ ತನ್ನ ಪುಸ್ತಕದಿಂದ ಓದಿ ತೋರಿಸುತ್ತದೆ. ಒಂದು ಫೋಟೋವನ್ನು ಪೆನ್ ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ತೆರೆಯಬೇಕು. ವಿಂಡೋಸ್ ಆದರೆ ಫೈಲಿನ 'ಪ್ರಾಪರ್ಟೀಸ್', ಅದರೊಳಗೆ 'ಡೀಟೇಲ್ಸ್', ಅಲ್ಲಿ 'ಟ್ಯಾಗ್ಸ್' ಎಂಬ ಸಾಲು. ಅಲ್ಲಿ 'ಅಜ್ಜಿ' ಎಂದು ಕನ್ನಡದಲ್ಲಿಯೇ ಕಂಡಾಗ ಆ ಕೆಲಸ ಗಟ್ಟಿಯಾಯಿತು ಎಂದು ತಿಳಿಯಬಹುದು. ನಾನು ಈಗ ಪ್ರತಿ ದೊಡ್ಡ ಕೆಲಸದ ನಂತರ ಒಂದು ಫೋಟೋ ತೆಗೆದು ಹೀಗೆ ಪರೀಕ್ಷಿಸುತ್ತೇನೆ.

ಕನ್ನಡದಲ್ಲಿ ಟ್ಯಾಗ್ ಬರೆಯುವವರು ತಿಳಿಯಬೇಕಾದ ಒಂದು ಲೆಕ್ಕ

ಟ್ಯಾಗ್‌ಗಳನ್ನು ಫೈಲಿನೊಳಗೆ ಬರೆದಿಡಲು ಮುಖ್ಯವಾಗಿ ಎರಡು ಜಾಗಗಳಿವೆ. ಐಪಿಟಿಸಿ ಎಂಬುದು ಪತ್ರಿಕೆಗಳ ಸುದ್ದಿಚಿತ್ರಗಳಿಗಾಗಿ ಬಂದ ಹಳೆಯ ಮಾದರಿ, ಎಕ್ಸ್‌ಎಂಪಿ ಎಂಬುದು ಅಡೋಬಿ 2001ರಲ್ಲಿ ತಂದ ಮಾದರಿ. ಹಳೆಯ ಐಪಿಟಿಸಿಯಲ್ಲಿ ಒಂದು ಕೀಲಿಪದಕ್ಕೆ 64 ಬೈಟ್‌ಗಳ ಮಿತಿ ಇದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಆದ್ದರಿಂದ 64 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ ಹಾಗಲ್ಲ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೂ 3 ಬೈಟ್ ಬೇಕು, ಮತ್ತು ಕಾಗುಣಿತದ ಚಿಹ್ನೆಯೂ ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆಯೂ (ಯುನಿಕೋಡ್ ಹೆಸರು 'ವಿರಾಮ') ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ. 'ಯಕ್ಷಗಾನ' ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರಕ್ಕೆ ಅದು ಯ, ಕ, ವಿರಾಮ, ಷ, ಗ, ಆಕಾರದ ಚಿಹ್ನೆ, ನ ಎಂದು ಏಳು ಚಿಹ್ನೆ, ಅಂದರೆ 21 ಬೈಟ್. ನಾನು 'ಉಡುಪಿ ಶ್ರೀಕೃಷ್ಣಮಠದ ರಥಬೀದಿ' ಎಂದು ಒಂದು ಟ್ಯಾಗ್ ಬರೆದಿದ್ದೆ. ಅದರಲ್ಲಿ 23 ಕನ್ನಡ ಚಿಹ್ನೆಗಳಿಗೆ 69 ಬೈಟ್, ಎರಡು ಖಾಲಿ ಜಾಗಗಳಿಗೆ 2 ಬೈಟ್, ಒಟ್ಟು 71. ಮಿತಿಯನ್ನು 7 ಬೈಟ್ ಮೀರಿತು.

ಎಕ್ಸ್‌ಎಂಪಿಗೆ ಈ 64 ಬೈಟ್‌ಗಳ ಮಿತಿ ಇಲ್ಲವಾದ್ದರಿಂದ ಅಲ್ಲಿ ಪೂರ್ತಿ ಹೆಸರು ಉಳಿಯುತ್ತದೆ. ಆದರೂ ಉದ್ದದ ಹೆಸರಿಗಿಂತ ಕವಲು ಕವಲಾಗಿ ಬರೆಯುವುದೇ ಮೇಲು ಎಂದು ತೋರುತ್ತದೆ: 'ಸ್ಥಳ' ಎಂಬುದರ ಕೆಳಗೆ 'ಉಡುಪಿ', ಅದರ ಕೆಳಗೆ 'ರಥಬೀದಿ'. 'ಇನ್‌ಕ್ಲೂಡ್ ಟ್ಯಾಗ್ ಸಬ್-ಟ್ರೀ' ಆರಿಸಿದ್ದರೆ 'ಉಡುಪಿ' ಎಂಬುದನ್ನು ಒತ್ತಿದಾಗ ರಥಬೀದಿ, ಮಲ್ಪೆ, ಮಣಿಪಾಲ ಎಲ್ಲವೂ ಒಟ್ಟಿಗೆ ಬರುತ್ತವೆ. ಹಾಗೆಯೇ ಒಂದು ಹೆಸರನ್ನು ಒಂದೇ ರೀತಿಯಲ್ಲಿ ಬರೆಯುವ ಶಿಸ್ತು ಬೇಕು. 'ಕೊಲ್ಲೂರು' ಮತ್ತು 'ಕೊಲ್ಲೂರ' ಯಂತ್ರಕ್ಕೆ ಎರಡು ಬೇರೆ ಊರುಗಳು. 'ತೆಂಕುತಿಟ್ಟು' ಎಂಬುದನ್ನು ನಾನು ಮೂರು ರೀತಿಯಲ್ಲಿ ಬರೆದಿದ್ದೆ, ಅವುಗಳನ್ನು ಒಂದುಗೂಡಿಸಲು ಒಂದು ಸಂಜೆ ಬೇಕಾಯಿತು.

ಬಲಬದಿಯ 'ಫಿಲ್ಟರ್ಸ್' ಪಟ್ಟಿಯಲ್ಲಿ ಎರಡು ಟ್ಯಾಗ್‌ಗಳನ್ನು ಆರಿಸಿ, ಎರಡೂ ಇರಲೇಬೇಕು ಎಂಬ ನಿಯಮ ಹಾಕಿದಾಗ ಈ ಶ್ರಮದ ಫಲ ಕಾಣುತ್ತದೆ. 'ಚೌಕಿ' ಮತ್ತು 'ಬಣ್ಣದ ವೇಷ' ಎರಡನ್ನೂ ಆರಿಸಿದರೆ ಏಳು ವರ್ಷಗಳ, ಹತ್ತಾರು ಫೋಲ್ಡರ್‌ಗಳ ಚುಟ್ಟಿ ಇಡುವ ಫೋಟೋಗಳು ಒಂದೇ ಪರದೆಗೆ ಬರುತ್ತವೆ. ಫೈಲುಗಳು ಮಾತ್ರ ತಮ್ಮ ಫೋಲ್ಡರಿನಿಂದ ಕದಲಿರುವುದಿಲ್ಲ.

ನಕ್ಷತ್ರ ಕೊಡುವ ಕೀಲಿಗಳು

ಇದು ನನಗೆ ಅತ್ಯಂತ ಪ್ರಿಯವಾದ ಉಪಾಯ. ಕಂಟ್ರೋಲ್ ಕೀಲಿಯ ಜೊತೆ 1ರಿಂದ 5ರವರೆಗಿನ ಅಂಕಿ ಒತ್ತಿದರೆ ಅಷ್ಟು ನಕ್ಷತ್ರ ಬೀಳುತ್ತದೆ, 0 ಒತ್ತಿದರೆ ಅಳಿಯುತ್ತದೆ. ಆಲ್ಟ್ ಕೀಲಿಯ ಜೊತೆ ಅಂಕಿ ಒತ್ತಿದರೆ ಇಟ್ಟುಕೊಳ್ಳುವುದು, ಬಿಡುವುದು, ಇನ್ನೂ ತೀರ್ಮಾನಿಸಬೇಕಾದ್ದು ಎಂಬ ಗುರುತುಗಳು ಬೀಳುತ್ತವೆ. ಎಡಗೈ ಕಂಟ್ರೋಲ್ ಮೇಲೆ, ಬಲಗೈ ಬಾಣದ ಕೀಲಿಯ ಮೇಲೆ ಇಟ್ಟುಕೊಂಡು ಕುಳಿತರೆ ಮೌಸ್ ಮುಟ್ಟದೆಯೇ ಒಂದು ಆಟದ ಆರು ನೂರು ಫೋಟೋಗಳನ್ನು ಒಂದು ಗಂಟೆಯೊಳಗೆ ನೋಡಿ ಮುಗಿಸಬಹುದು.

ಮೊದಲ ಸುತ್ತಿನಲ್ಲಿ ಐದು ನಕ್ಷತ್ರ ಕೊಡಬಾರದು ಎಂಬುದು ನಾನು ಕಂಡುಕೊಂಡ ನಿಯಮ. ಮೊದಲ ಸುತ್ತಿನಲ್ಲಿ ಒಂದೇ ಪ್ರಶ್ನೆ: ಈ ಫೋಟೋ ಸ್ಪಷ್ಟವಾಗಿದೆಯೇ? ಆಗಿದ್ದರೆ ಒಂದು ನಕ್ಷತ್ರ, ಇಲ್ಲದಿದ್ದರೆ ಮುಂದೆ. ಎರಡನೆಯ ಸುತ್ತಿನಲ್ಲಿ ಒಂದು ನಕ್ಷತ್ರದವುಗಳನ್ನು ಮಾತ್ರ ತೋರಿಸುವಂತೆ ಫಿಲ್ಟರ್ ಹಾಕಿ, ಅದರಲ್ಲಿ ಇನ್ನೊಬ್ಬರಿಗೆ ತೋರಿಸಬಹುದಾದ್ದಕ್ಕೆ ಎರಡು, ಮೂರನೆಯ ಸುತ್ತಿನಲ್ಲಿ ಗೋಡೆಗೆ ಹಾಕಬಹುದಾದ್ದಕ್ಕೆ ಮೂರು. ಗಿರಕಿ ಹೊಡೆಯುವ ವೇಷದ ಹದಿನೈದು ಫೋಟೋಗಳು ಸಾಲಾಗಿ ಬಂದಾಗ, ಯಾವುದು ಅತ್ಯುತ್ತಮ ಎಂದು ಅಲ್ಲಿಯೇ ನಿಂತು ಯೋಚಿಸಿದರೆ ಕೆಲಸ ಸಾಗುವುದಿಲ್ಲ. ಹದಿನೈದರಲ್ಲಿ ಕಣ್ಣು ತೆರೆದಿರುವುದು ಯಾವುದು ಎಂದು ಮಾತ್ರ ನೋಡಿದರೆ ನಾಲ್ಕು ಉಳಿಯುತ್ತವೆ, ಆ ನಾಲ್ಕರಲ್ಲಿ ಆಯ್ಕೆ ಮಾಡುವುದು ಮುಂದಿನ ಸುತ್ತಿಗೆ ಸೇರಿದ ಕೆಲಸ.

ದಿನಾಂಕ ತಪ್ಪಾಗಿರುವ ಫೋಟೋಗಳು

ಫೋಟೋ ತೆಗೆದ ಹೊತ್ತನ್ನು ಕ್ಯಾಮೆರಾ ಎಕ್ಸಿಫ್ ವಿವರದಲ್ಲಿ ಬರೆಯುತ್ತದೆ. ಫೈಲಿನ ದಿನಾಂಕ ಬೇರೆ. ವಿಂಡೋಸ್‌ನಲ್ಲಿ ಫೈಲನ್ನು ಬೇರೆ ಡಿಸ್ಕಿಗೆ ನಕಲು ಮಾಡಿದಾಗ 'ಸೃಷ್ಟಿಯಾದ ದಿನಾಂಕ' ನಕಲು ಮಾಡಿದ ದಿನದ್ದಾಗುತ್ತದೆ. ಆದ್ದರಿಂದ ಎಕ್ಸಿಫ್ ದಿನಾಂಕವನ್ನು ನಂಬಬೇಕು. ಆದರೆ ಅದೂ ಕ್ಯಾಮೆರಾದ ಗಡಿಯಾರದಷ್ಟೇ ಸರಿ. ದುಬೈಯಿಂದ ಬಂದ ಭಾವ ತನ್ನ ಕ್ಯಾಮೆರಾದ ಗಡಿಯಾರ ಬದಲಿಸಿರಲಿಲ್ಲ. ಅಲ್ಲಿಯ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ ಇರುವುದರಿಂದ, ಎಲ್ಲ ಫೋಟೋಗಳನ್ನು ಒಟ್ಟಿಗೆ ಜೋಡಿಸಿದಾಗ ಮದುವೆಯ ಊಟದ ಪಂಕ್ತಿ ಧಾರೆಗಿಂತ ಮೊದಲು ಬಂತು. ಅವನ ಫೋಟೋಗಳನ್ನು ಮಾತ್ರ ಆರಿಸಿ, ಸಮಯ ಮತ್ತು ದಿನಾಂಕ ಹೊಂದಿಸುವ ಕಿಟಕಿಯಲ್ಲಿ 1 ಗಂಟೆ 30 ನಿಮಿಷ ಕೂಡಿಸಿದ ಮೇಲೆ ಸರಿಯಾಯಿತು.

ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಬಂದವುಗಳಲ್ಲಿ ತೆಗೆದ ಹೊತ್ತಿನ ಎಕ್ಸಿಫ್ ವಿವರ ಉಳಿದಿರುವುದಿಲ್ಲ. ಫೈಲಿನ ಹೆಸರಿನಲ್ಲಿ ಇರುವ ದಿನಾಂಕ ತೆಗೆದ ದಿನದ್ದೆಂದು ತಿಳಿಯಬಾರದು. ನೆಂಟರಿಂದ ಫೋಟೋ ತರಿಸುವಾಗ 'ಡಾಕ್ಯುಮೆಂಟ್' ಆಗಿ ಕಳುಹಿಸಲು ಹೇಳಿದರೆ ಮೂಲ ಫೈಲೇ ವಿವರಗಳ ಸಮೇತ ಬರುತ್ತದೆ.

ಸ್ಕ್ಯಾನ್ ಮಾಡಿದ ಹಳೆಯ ಫೋಟೋಗಳಿಗೆ ಸ್ಕ್ಯಾನ್ ಮಾಡಿದ ದಿನವೇ ಬೀಳುತ್ತದೆ. ಅಜ್ಜಿಯ ಫೋಟೋ ಎರಡು ರಾತ್ರಿ ಸಿಗದಿದ್ದುದಕ್ಕೆ ಇದೂ ಒಂದು ಕಾರಣ. 1980ರ ದಶಕದಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ, ಅಂಚಿನ ಸೀರೆ ಉಟ್ಟು ಕುರ್ಚಿಯ ಹಿಂದೆ ಕೈ ಇಟ್ಟು ನಿಂತ ಆ ಫೋಟೋ, 2019ರ ಫೈಲುಗಳ ನಡುವೆ, ಬ್ಯಾಂಕ್ ಪಾಸ್‌ಬುಕ್ ಮತ್ತು ಅಂಕಪಟ್ಟಿಯ ಸ್ಕ್ಯಾನ್‌ಗಳ ಪಕ್ಕದಲ್ಲಿ ಇತ್ತು. ಈಗ ಇಂಥವುಗಳಿಗೆ ಮನೆಯವರನ್ನು ಕೇಳಿ ಅಂದಾಜಿನ ವರ್ಷದ ಜನವರಿ 1 ಎಂದು ದಿನಾಂಕ ಹಾಕಿ, ಜೊತೆಗೆ 'ದಿನಾಂಕ ಅಂದಾಜು' ಎಂಬ ಟ್ಯಾಗ್ ಸೇರಿಸುತ್ತಿದ್ದೇನೆ. ಆ ಟ್ಯಾಗ್ ಇಲ್ಲದಿದ್ದರೆ ಮುಂದೆ ನೋಡುವವರು ಅದನ್ನು ನಿಜವಾದ ದಿನವೆಂದು ತಿಳಿಯುತ್ತಾರೆ.

ಉಳಿದ ಕೆಲವು ಮಾತುಗಳು

ಕ್ಯಾಮೆರಾಗಳು ಫೈಲಿಗೆ ಕೊಡುವ ಅಂಕಿ ನಾಲ್ಕು ಸ್ಥಾನದ್ದು. 9999 ಮುಗಿದ ಮೇಲೆ ಮತ್ತೆ 0001ರಿಂದ ಆರಂಭವಾಗುತ್ತದೆ, ಆದ್ದರಿಂದ ಒಂದೇ ಹೆಸರಿನ ಎರಡು ಬೇರೆ ಫೋಟೋಗಳು ಇರುವುದು ಸಹಜ. ನಕಲು ಮಾಡುವಾಗ 'ಬದಲಿಸಲೇ' ಎಂದು ಕಂಪ್ಯೂಟರ್ ಕೇಳಿದರೆ ಒಪ್ಪಬಾರದು. ಫೋಟೋಗಳನ್ನು ಆರಿಸಿ ಎಫ್2 ಒತ್ತಿ, ತೆಗೆದ ದಿನ ಮತ್ತು ಹೊತ್ತನ್ನೇ ಹೆಸರಾಗಿ ಕೊಟ್ಟರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ಒಂದೇ ಫೋಟೋದ ಹಲವು ಪ್ರತಿಗಳನ್ನು ಹುಡುಕುವ ಸೌಲಭ್ಯ ಹೆಸರನ್ನು ನೋಡುವುದಿಲ್ಲ, ಚಿತ್ರದ ಹೋಲಿಕೆಯನ್ನು ನೋಡುತ್ತದೆ. ಆದ್ದರಿಂದ ಸಾಲಾಗಿ ತೆಗೆದ, ಸ್ವಲ್ಪವೇ ಬೇರೆಯಾದ ಫೋಟೋಗಳನ್ನೂ ಪ್ರತಿಗಳೆಂದು ತೋರಿಸಬಹುದು. ಒಂದೊಂದನ್ನೂ ಕಣ್ಣಾರೆ ನೋಡದೆ ಅಳಿಸಬಾರದು. ಮುಖ ಗುರುತಿಸುವ ಸೌಲಭ್ಯ ನಮ್ಮ ಕಂಪ್ಯೂಟರಿನಲ್ಲಿಯೇ ನಡೆಯುತ್ತದೆ, ಮನೆಯವರ ಫೋಟೋಗಳಿಗೆ ಅದು ಬಹಳ ಉಪಯೋಗಕ್ಕೆ ಬಂತು. ಬಣ್ಣ ಹಚ್ಚಿದ ವೇಷಗಳಿಗೆ ಹೆಸರನ್ನು ಈಗಲೂ ಕೈಯಿಂದಲೇ ಹಾಕುತ್ತಿದ್ದೇನೆ.

ಪ್ರತಿ ತಿಂಗಳು ಫೋಟೋಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡುವಾಗ ಎಕ್ಸ್‌ಎಂಪಿ ಫೈಲುಗಳನ್ನೂ, ಡಿಜಿಕ್ಯಾಮ್ ಮುಚ್ಚಿದ ನಂತರ ಅದರ ದತ್ತಸಂಚಯದ ಫೈಲುಗಳನ್ನೂ ಸೇರಿಸಿಕೊಳ್ಳುತ್ತೇನೆ. ಮೂರು ಡಿಸ್ಕ್‌ಗಳಲ್ಲಿ ಮೊದಲನೆಯದರ ಕೆಲಸ ಮುಗಿದಿದೆ, ಎರಡನೆಯದರಲ್ಲಿ 2016ರ ಪರ್ಯಾಯದವರೆಗೆ ಬಂದಿದ್ದೇನೆ.